ಬೈಗುಳದ ಬಾಯಲ್ಲಿ ದೇವರು ದಿಂಡರು

ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಬೆಳಗಿನ ಹೊತ್ತು ಅರ್ಧ ಗಂಟೆ ಕಿವಿಗೊಟ್ಟು ನಿಂತರೆ ಸಾಕು, ಪುರಾಣ ಪ್ರವಚನವನ್ನೇ ಕೇಳಿದಂತಾಗುತ್ತದೆ. ಲಾರಿಗೆ ಕಾಯಿ ತುಂಬಲು ತಡಮಾಡಿದ ಆಳು ‘ಕುಂಭಕರ್ಣ’. ಲೆಕ್ಕದಲ್ಲಿ ಎಡವಿದ ಹುಡುಗ ‘ಶನಿ ಮುಂಡೇದು’. ಬೆಲೆ ಬಿದ್ದ ಸುದ್ದಿ ಬಂದರೆ ‘ಅಯ್ಯೋ ಸಿವನೆ’. ಬಾಕಿ ಕೊಡದೆ ತಲೆ ತಪ್ಪಿಸಿಕೊಂಡ ವ್ಯಾಪಾರಿ ‘ಮೂರ್ ನಾಮ ಎಳ್ದ’. ಅವನ ಕೈಗೆ ಹೋದ ದುಡ್ಡು ‘ಗೋವಿಂದ’. ದಾರಿಗೆ ಅಡ್ಡ ನಿಂತ ದನ ‘ಮೂದೇವಿ’. ಇಷ್ಟೆಲ್ಲ ಆದ ಮೇಲೆ ಬೈದವನೂ ಬೈಸಿಕೊಂಡವನೂ ಒಂದೇ ಅಂಗಡಿಯಲ್ಲಿ ನಿಂತು ಟೀ ಕುಡಿಯುತ್ತಾರೆ. ಮಂಡ್ಯ, ಮದ್ದೂರು, ಮಳವಳ್ಳಿಯ ಸೀಮೆಯಲ್ಲಿ ಬೈಗುಳದಿಂದ ಜಗಳ ಶುರುವಾಗುವುದಕ್ಕಿಂತ ಮಾತು ಶುರುವಾಗುವುದೇ ಹೆಚ್ಚು. ಹೊರಗಿನಿಂದ ಬಂದವರಿಗೆ ಇದು ಒರಟುತನವಾಗಿ ಕಾಣುವುದುಂಟು. ಆದರೆ ಈ ಮಾತುಗಳ ಬುಡ ಕೆದಕುತ್ತ ಹೋದರೆ ಸಿಗುವುದು ಗುಡಿ, ಬಸದಿ, ಅಗ್ರಹಾರ ಮತ್ತು ಸ್ಮಶಾನ.

ದೇವರ ಹೆಸರನ್ನೋ ಪೂಜೆಯ ವಸ್ತುವನ್ನೋ ಸಿಟ್ಟಿನ ಬಾಯಿಗೆ ತಂದುಕೊಳ್ಳುವುದು ಲೋಕದಲ್ಲೆಲ್ಲ ಇದೆ. ಯೆಹೂದ್ಯರಿಗೂ ಕ್ರೈಸ್ತರಿಗೂ ಸಮಾನವಾದ ಹತ್ತು ಕಟ್ಟಳೆಗಳಲ್ಲಿ ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದೆಂಬುದು ಒಂದು. ಎಲ್ಲಿ ಕಟ್ಟಳೆ ಬಿಗಿಯೋ ಅಲ್ಲಿ ಅದನ್ನು ಮುರಿಯುವ ಚಪಲವೂ ಜಾಸ್ತಿ. ಇಂಗ್ಲೆಂಡಿನಲ್ಲಿ 1606ರಲ್ಲಿ ನಾಟಕದ ರಂಗದ ಮೇಲೆ ದೇವರ ಹೆಸರನ್ನು ಹಗುರವಾಗಿ ಆಡಿದವರಿಗೆ ದಂಡ ಹಾಕುವ ಕಾಯಿದೆಯೇ ಬಂತು. ಜನ ಅದಕ್ಕೂ ಉಪಾಯ ಕಂಡುಕೊಂಡಿದ್ದರು. ‘ದೇವರ ಗಾಯಗಳಾಣೆ’ ಎಂಬ ಅರ್ಥದ ಮಾತನ್ನು ನುಂಗಿ ‘ಝೌಂಡ್ಸ್’ ಎಂದರು. ‘ಗಾಡ್’ ಎನ್ನುವ ಬದಲು ‘ಗಾಶ್’ ಎಂದರು. ಕೆನಡಾದ ಕ್ವಿಬೆಕ್ ಪ್ರಾಂತದ ಫ್ರೆಂಚ್ ಭಾಷಿಕರಂತೂ ಇವತ್ತಿಗೂ ಕಾಲಿಗೆ ಕಲ್ಲೆಡವಿದರೆ ಇಗರ್ಜಿಯ ಪೂಜಾಪೆಟ್ಟಿಗೆ, ಪಾನಪಾತ್ರೆ, ಪ್ರಸಾದದ ರೊಟ್ಟಿ ಇವುಗಳ ಹೆಸರನ್ನೇ ಬೈಗುಳವಾಗಿ ಕೂಗುತ್ತಾರೆ.

ಕನ್ನಡ ನಾಡಿನ ಲೆಕ್ಕ ಬೇರೆ. ಇಲ್ಲಿ ದೇವರ ಹೆಸರನ್ನು ಎಷ್ಟು ಸಲ ಎತ್ತಿದರೆ ಅಷ್ಟು ಪುಣ್ಯ. ಹೇಗೆ ಎತ್ತಿದಿರಿ, ಯಾತಕ್ಕೆ ಎತ್ತಿದಿರಿ ಎಂಬುದನ್ನು ಕೇಳುವವರೇ ಇಲ್ಲ. ಭಾಗವತದ ಅಜಾಮಿಳ ಸಾಯುವಾಗ ಮಗನನ್ನು ‘ನಾರಾಯಣ’ ಎಂದು ಕರೆದದ್ದಕ್ಕೇ ಯಮದೂತರಿಂದ ಪಾರಾದ. ಮಕ್ಕಳಿಗೆ ರಾಮ, ಕೃಷ್ಣ, ಲಕ್ಷ್ಮಿ ಎಂದು ಹೆಸರಿಡುವಾಗ ಹಳಬರು ಹೇಳುತ್ತಿದ್ದ ಕಾರಣವೂ ಅದೇ, ಕರೆಯುವ ನೆಪದಲ್ಲಿ ನಾಮಸ್ಮರಣೆ ಆಗಲಿ ಎಂದು. ಆ ರಾಮನನ್ನು ದಿನಕ್ಕೆ ಹತ್ತು ಸಲ ಬೈಯಬೇಕಾಗುತ್ತದೆ ಎಂಬುದು ಬೇರೆ ಮಾತು. ಹಾಗಾಗಿ ‘ಶಿವ ಶಿವಾ’, ‘ರಾಮ ರಾಮ’, ‘ಹರಹರಾ’, ‘ಶಿವನೇ ಶಂಭುಲಿಂಗ’ ಎಂದು ಉದ್ಗರಿಸುವ ಮಳವಳ್ಳಿಯ ಮುದುಕಿಗೆ ತಾನು ದೈವನಿಂದೆ ಮಾಡುತ್ತಿದ್ದೇನೆಂಬ ಅಳುಕಿಲ್ಲ. ಕೇಳಬಾರದ್ದನ್ನು ಕೇಳಿದ ಕಿವಿಯನ್ನು ಅವಳು ದೇವರ ಹೆಸರಿನಿಂದ ತೊಳೆದುಕೊಳ್ಳುತ್ತಿದ್ದಾಳೆ, ಅಷ್ಟೇ. ನಮ್ಮಲ್ಲಿ ಭಯವಿರುವುದು ಪವಿತ್ರವಾದ ಮಾತಿಗಲ್ಲ, ಅಮಂಗಳದ ಮಾತಿಗೆ. ಮುಸ್ಸಂಜೆಯಲ್ಲಿ ಕೆಟ್ಟದ್ದನ್ನು ಆಡಬೇಡ, ಅಸ್ತು ದೇವತೆಗಳು ‘ಅಸ್ತು’ ಎಂದುಬಿಡುತ್ತಾರೆ ಎಂದು ಹಿರಿಯರು ಗದರಿಸುವುದು ಅದಕ್ಕೇ. ಯಾರಾದರೂ ಬಾಯಿ ತಪ್ಪಿ ಸಾವಿನ ಮಾತನಾಡಿದರೆ ತಕ್ಷಣ ‘ಬಿಡ್ತು ಅನ್ನು’ ಎನ್ನುತ್ತಾರೆ. ಸಂಸ್ಕೃತ ನಾಟಕಗಳ ‘ಶಾಂತಂ ಪಾಪಂ’ ಕೂಡ ಇದೇ ಬಿಡ್ತು.

ಅಮಂಗಳವೇ ನಮ್ಮ ಬೈಗುಳದ ತವರಾದ್ದರಿಂದ ಅಲ್ಲಿ ಮೊದಲ ಮಣೆ ಮೂದೇವಿಗೆ ಸಲ್ಲಬೇಕು. ಸೋಮಾರಿ ಸೊಸೆ, ಹಾಲು ಕೊಡದ ಎಮ್ಮೆ, ಸ್ಟಾರ್ಟ್ ಆಗದ ಮೋಟಾರು, ಕಾಲಿಗೆ ತೊಡರುವ ಮೊಮ್ಮಗ ಎಲ್ಲರೂ ಈ ಸೀಮೆಯಲ್ಲಿ ಮೂದೇವಿಗಳೇ. ಗಂಡು ಹೆಣ್ಣು, ಸಜೀವ ನಿರ್ಜೀವ ಎಂಬ ಭೇದ ಈ ಪದಕ್ಕಿಲ್ಲ. ‘ಎದ್ದೇಳ್ಲಾ ಮೂದೇವಿ’ ಎಂದಾಗ ಅದರಲ್ಲಿ ಬೈಗುಳಕ್ಕಿಂತ ಸಲಿಗೆಯೇ ಹೆಚ್ಚು. ಆದರೆ ಒಂದು ಕಾಲಕ್ಕೆ ಮೂದೇವಿ ನಿಜವಾದ ದೇವಿ. ದ್ರಾವಿಡ ಭಾಷೆಗಳಲ್ಲಿ ‘ಮೂ’, ‘ಮುದು’ ಎಂಬ ಬೇರಿಗೆ ಹಿರಿದು, ಹಳೆಯದು ಎಂಬ ಅರ್ಥವಿದೆ. ಮುದುಕ, ಮುದಿ ಎಂಬ ನಮ್ಮ ಮಾತುಗಳು ಬಂದದ್ದೂ ಅಲ್ಲಿಂದಲೇ. ಮೂದೇವಿ ಎಂದರೆ ಹಿರಿಯ ದೇವಿ. ಸಂಸ್ಕೃತದಲ್ಲಿ ಅವಳೇ ಜ್ಯೇಷ್ಠೆ. ಶ್ರೀದೇವಿಯ, ಅಂದರೆ ಲಕ್ಷ್ಮಿಯ ಅಕ್ಕ.

ಸಮುದ್ರಮಥನದಲ್ಲಿ ಲಕ್ಷ್ಮಿಗಿಂತ ಮೊದಲು ಹುಟ್ಟಿದವಳು ಇವಳು ಎನ್ನುತ್ತವೆ ಪುರಾಣಗಳು. ಲಿಂಗಪುರಾಣದ ಕಥೆಯಲ್ಲಿ ಇವಳನ್ನು ದುಸ್ಸಹನೆಂಬ ಋಷಿಗೆ ಮದುವೆ ಮಾಡಿಕೊಡುತ್ತಾರೆ. ಪಾಪ, ಹೆಸರೇ ದುಸ್ಸಹ. ವೇದಘೋಷ, ಹೋಮದ ಹೊಗೆ, ಶಿವ ವಿಷ್ಣುಗಳ ನಾಮ ಕೇಳಿದ ಕಡೆ ಈಕೆ ಕಿವಿ ಮುಚ್ಚಿಕೊಂಡು ಓಡುತ್ತಾಳೆ. ಕೊನೆಗೆ ಗಂಡಹೆಂಡಿರು ಸದಾ ಜಗಳವಾಡುವ, ಮಕ್ಕಳನ್ನು ಹಸಿವಿನಲ್ಲಿಟ್ಟು ಹಿರಿಯರು ಉಣ್ಣುವ, ಕಸ ಗುಡಿಸದ ಮನೆಗಳೇ ಇವಳ ಬಿಡಾರವೆಂದು ತೀರ್ಮಾನವಾಗುತ್ತದೆ. ಶಿಲ್ಪಿಗಳು ಇವಳನ್ನು ಕಡೆದಿರುವ ಬಗೆಯೂ ವಿಶಿಷ್ಟ. ದಪ್ಪ ಹೊಟ್ಟೆ, ಜೋಲುವ ಮೊಲೆ, ಕಾಲು ಇಳಿಬಿಟ್ಟು ಆರಾಮವಾಗಿ ಕೂತ ಭಂಗಿ. ಧ್ವಜದ ಮೇಲೆ ಕಾಗೆ, ವಾಹನ ಕತ್ತೆ, ಆಯುಧ ಪೊರಕೆ. ಒಂದು ಪಕ್ಕದಲ್ಲಿ ಎತ್ತಿನ ಮುಖದ ಮಗ, ಇನ್ನೊಂದು ಪಕ್ಕದಲ್ಲಿ ಮಗಳು. ಪಲ್ಲವ, ಚೋಳರ ಕಾಲದಲ್ಲಿ ತಮಿಳುನಾಡಿನ ಎಷ್ಟೋ ಶಿವಾಲಯಗಳಲ್ಲಿ ಇವಳಿಗೆ ಪ್ರತ್ಯೇಕ ಸ್ಥಾನವಿತ್ತು. ಕಾಂಚಿಯ ಕೈಲಾಸನಾಥ ದೇಗುಲದಲ್ಲಿ ಇವಳ ಶಿಲ್ಪವನ್ನು ಈಗಲೂ ನೋಡಬಹುದು. ಬೋಧಾಯನ ಗೃಹ್ಯಸೂತ್ರದ ಪರಿಶಿಷ್ಟದಲ್ಲಿ ಇವಳ ಪೂಜಾವಿಧಿ ಇದೆ. ಅಂದರೆ ಜನ ಇವಳನ್ನು ಪೂಜಿಸುತ್ತಿದ್ದರು. ಬಾ ಎಂದಲ್ಲ, ಬರಬೇಡ ಎಂದು.

ಆ ಪೂಜೆ ನಿಂತುಹೋಯಿತು. ಅದನ್ನು ಗೇಲಿ ಮಾಡಿದವರಲ್ಲಿ ಆಳ್ವಾರರೂ ಇದ್ದರು. ಸಿರಿಗಾಗಿ ಈ ಜ್ಯೇಷ್ಠೆಯ ಮುಂದೆ ಕಾದು ಕೂರುತ್ತೀರಲ್ಲ ಎಂದು ತೊಂಡರಡಿಪ್ಪೊಡಿ ಆಳ್ವಾರ್ ತಮ್ಮ ‘ತಿರುಮಾಲೈ’ಯಲ್ಲಿ ಜನರನ್ನು ಹಂಗಿಸಿದ್ದಾರೆ. ಮನೆಮನೆಯಲ್ಲಿ ಪಠಿಸುವ ಶ್ರೀಸೂಕ್ತದಲ್ಲೂ ಹಸಿವು ಬಾಯಾರಿಕೆಗಳ ಕೊಳೆ ಹೊತ್ತ ಈ ಹಿರಿಯಳನ್ನು ನಾಶ ಮಾಡುತ್ತೇನೆಂಬ ಮಾತಿದೆ. ವರಮಹಾಲಕ್ಷ್ಮಿ ಹಬ್ಬದ ದಿನ ತಂಗಿಗೆ ಸೀರೆ ಉಡಿಸುವ ಮನೆಯಲ್ಲೇ ಅಕ್ಕನನ್ನು ಅಟ್ಟುವ ಮಂತ್ರವೂ ಕೇಳುತ್ತದೆ. ಈ ಪದ ಮಂಡ್ಯದ ಮಾತಿನಲ್ಲಿ ಇಷ್ಟು ಗಟ್ಟಿಯಾಗಿ ನಿಂತದ್ದಕ್ಕೆ ತಮಿಳಿನ ನೆರೆಯೂ ಕಾರಣವಿರಬೇಕು. 11ನೆಯ ಶತಮಾನದ ಆರಂಭದಿಂದ, ಹೊಯ್ಸಳ ವಿಷ್ಣುವರ್ಧನ 1116ರ ಸುಮಾರಿಗೆ ತಲಕಾಡನ್ನು ಗೆಲ್ಲುವವರೆಗೆ, ಈ ಸೀಮೆಯ ಬಹುಭಾಗ ಚೋಳರ ಆಳ್ವಿಕೆಯಲ್ಲಿತ್ತು. ಮಳವಳ್ಳಿ, ಮದ್ದೂರು ತಾಲ್ಲೂಕುಗಳಲ್ಲಿ ತಮಿಳು ಶಾಸನಗಳಿವೆ. ಆ ಮೇಲೆ ರಾಮಾನುಜರ ಹಿಂದೆ ಬಂದು ತೊಂಡನೂರು, ಮೇಲುಕೋಟೆಗಳಲ್ಲಿ ನೆಲೆಸಿದ ಶ್ರೀವೈಷ್ಣವರ ಮನೆಮಾತೂ ತಮಿಳೇ. ಗುಡಿಯಿಂದ ಹೊರಬಿದ್ದ ದೇವತೆಗೆ ಬಾಯಲ್ಲಾದರೂ ಜಾಗ ಸಿಕ್ಕಿತು ಎನ್ನಬೇಕು.

ಮೂದೇವಿಯ ಜೊತೆಗಾರ ಶನಿ. ಇಬ್ಬರ ಲಾಂಛನವೂ ಕಾಗೆ. ಅವನ ಮೂಲ ಹೆಸರು ಶನೈಶ್ಚರ, ಮೆಲ್ಲಗೆ ಚಲಿಸುವವನು. ಸೂರ್ಯನನ್ನು ಒಂದು ಸುತ್ತು ಬರಲು ಈ ಗ್ರಹಕ್ಕೆ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಹಾಗಾಗಿ ಒಂದೊಂದು ರಾಶಿಯಲ್ಲಿ ಎರಡೂವರೆ ವರ್ಷ. ಜನ್ಮರಾಶಿಯ ಹಿಂದಿನದು, ಜನ್ಮರಾಶಿ, ಮುಂದಿನದು ಮೂರೂ ಸೇರಿದರೆ ಏಳೂವರೆ ವರ್ಷದ ಕಾಟ. ಹಳ್ಳಿಯವರ ‘ಏಳರಾಟದ ಶನಿ’ಯಲ್ಲಿ ಅಡಗಿರುವುದು ಈ ಏಳು ಮತ್ತು ಅರೆಯೇ. ಕಿವಿಗೆ ಈಶ್ವರನ ಹೆಸರಿನಂತೆ ಕೇಳಿಸಿ ಶನೈಶ್ಚರ ‘ಶನೇಶ್ವರ’ನಾದ, ಭಡ್ತಿ ಪಡೆದ. ಶ್ರಾವಣ ಶನಿವಾರಗಳಲ್ಲಿ ರಾತ್ರಿಯೆಲ್ಲ ಶನಿಮಹಾತ್ಮೆ ಓದಿಸಿ, ರಾಜಾ ವಿಕ್ರಮ ಗಾಣ ತಿರುಗಿಸುವ ಕಡೆ ಕಣ್ಣೀರು ಹಾಕಿದ ಜನರೇ ಬೆಳಗಾಗುತ್ತಲೂ ಎತ್ತಿಗೆ ‘ನಿನ್ ಶನಿ ತಗಲಾಕ್ಕೊಂತಲ್ಲ’ ಎನ್ನುತ್ತಾರೆ. ‘ನನ್ ಗಾಚಾರ’, ‘ನಿನ್ ಗಾಚಾರ ಬಿಡುಸ್ತೀನಿ’ ಎಂಬವೂ ಇದೇ ಅಂಗಡಿಯ ಸರಕು. ಗ್ರಹಚಾರ ಬಿಡಿಸಬೇಕಾದ ಜೋಯಿಸನ ಕೆಲಸ ಹಳ್ಳಿಯಲ್ಲಿ ದೊಣ್ಣೆಗೆ ಬಂದಿದೆ.

ಪೂಜೆ ಪುನಸ್ಕಾರದ ಪದಗಳೆಲ್ಲ ಹೀಗೆ ಅಡ್ಡದಾರಿ ಹಿಡಿದಿರುವುದನ್ನು ಗಮನಿಸಬೇಕು. ಬೈದರೆ ‘ಮಂಗಳಾರತಿ’, ಉದ್ದಕ್ಕೆ ಬೈದರೆ ‘ಅಷ್ಟೋತ್ತರ’, ಇನ್ನೂ ಉದ್ದಕ್ಕೆ ಹೋದರೆ ‘ಸಹಸ್ರನಾಮ’. ಹೊಡೆದರೆ ‘ಪೂಜೆ’, ಕುಡಿದರೆ ‘ತೀರ್ಥ’. ಇವುಗಳಲ್ಲಿ ‘ನಾಮ’ದ ಕಥೆ ಸ್ವಾರಸ್ಯವಾದದ್ದು. ನಾಮ ಹಾಕುವುದೆಂದರೆ ಮೋಸ ಮಾಡುವುದು ಎಂಬ ಅರ್ಥ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಇದೆ. ‘ಪಂಗನಾಮ’ದ ಪಂಗ ಎಂದರೆ ತೆಲುಗಿನಲ್ಲಿ ಕವಲು, ಕವಲಾಗಿ ಎಳೆದ ವೈಷ್ಣವ ತಿಲಕ ಎಂಬುದು ಮೂಲಾರ್ಥ. ವೈಷ್ಣವರ ಹಣೆಯ ಗುರುತು ವಂಚನೆಗೆ ಹೆಸರಾದದ್ದರ ಹಿಂದೆ ಶೈವ ವೈಷ್ಣವರ ಹಳೆಯ ಜಟಾಪಟಿಯ ವಾಸನೆ ಇದೆ. ತಿರುಪತಿಗೆ ಹೋದವನು ಹಣೆಯ ಮೇಲೆ ನಾಮ, ಬೋಳು ತಲೆ, ಬರಿದಾದ ಜೇಬು ಹೊತ್ತು ಮರಳುವ ಚಿತ್ರವೂ ಅದಕ್ಕೆ ಸೇರಿಕೊಂಡಿರಬೇಕು. ‘ಗೋವಿಂದ’ದ ದಾರಿ ಇನ್ನೂ ನೇರ. ಈ ಸೀಮೆಯ ಹಳ್ಳಿಗಳಲ್ಲಿ ಹೆಣ ಹೊತ್ತು ಸಾಗುವಾಗ ದಾಸಯ್ಯ ಶಂಖ ಊದಿ ಜಾಗಟೆ ಬಾರಿಸುತ್ತಾನೆ; ಹಿಂದಿರುವವರು ‘ಗೋವಿಂದಾ ಗೋವಿಂದ’ ಎನ್ನುತ್ತಾರೆ. ಹಾಗೆ ಹೋದದ್ದು ಮರಳಿ ಬರುವುದಿಲ್ಲ. ಸಾಲ ಕೊಟ್ಟ ದುಡ್ಡೂ ಅಷ್ಟೆ.

ಈವರೆಗಿನವು ನಗುತ್ತ ಹೇಳಬಹುದಾದ ಮಾತುಗಳು. ‘ಮುಂಡೇದು’ ಹಾಗಲ್ಲ. ಮಂಡ್ಯದ ಮಾತಿಗೆ ಮುದ್ರೆ ಒತ್ತಿದಂಥ ಪದ ಇದು. ‘ಬನ್ರೋ ಮುಂಡೇವಾ, ಉಣ್ಣಿ’ ಎಂದು ತಾಯಿ ಮಕ್ಕಳನ್ನು ಕರೆಯುವಾಗ ಅಲ್ಲಿ ಪ್ರೀತಿಯ ಹೊರತು ಬೇರೇನೂ ಇಲ್ಲ. ಮುಂಡ ಎಂದರೆ ಸಂಸ್ಕೃತದಲ್ಲಿ ಬೋಳಿಸಿದ ತಲೆ. ಆ ತಲೆಗೆ ಹಿಂದೆ ಎರಡು ಬಗೆಯ ಗತಿ ಇತ್ತು. ಒಂದು ಸಂನ್ಯಾಸಿಯದು, ಉಪನಿಷತ್ತೊಂದಕ್ಕೆ ಮುಂಡಕ ಎಂದೇ ಹೆಸರು. ಅದೇ ಪದ ಬೈಗುಳವೂ ಆಗಿತ್ತು. ಪಾಲಿ ಗ್ರಂಥಗಳಲ್ಲಿ ಭಿಕ್ಷೆಗೆ ಬಂದ ಬುದ್ಧನನ್ನು ಬ್ರಾಹ್ಮಣನೊಬ್ಬ ದೂರದಲ್ಲೇ ನಿಲ್ಲು ಎಂದು ಗದರುವಾಗ ‘ಮುಂಡಕ’ ಎಂದೇ ಹೀಯಾಳಿಸುತ್ತಾನೆ. ಇನ್ನೊಂದು ವಿಧವೆಯದು. ಕನ್ನಡದಲ್ಲಿ ಮುಂಡೆ ಎಂದರೆ ವಿಧವೆ. ‘ಮುಂಡೇದು’ ಎಂದರೆ ಮುಂಡೆಯದು, ವಿಧವೆಯ ಕೂಸು, ಅಪ್ಪನ ಅಂಕೆಯಿಲ್ಲದೆ ಬೆಳೆದದ್ದು.

ಕೇಶ ಮುಂಡನಕ್ಕೆ ಶಾಸ್ತ್ರದ ಆಧಾರವನ್ನು ಒದಗಿಸಿದ್ದರು. ವಿಧವೆ ಜಡೆ ಹೆಣೆದುಕೊಂಡರೆ ಆ ಹೆಣಿಗೆ ಪರಲೋಕದಲ್ಲಿ ಗಂಡನಿಗೆ ಬಂಧನವಾಗುತ್ತದೆ ಎಂಬ ಮಾತು ಸ್ಕಾಂದಪುರಾಣದ ಕಾಶೀಖಂಡದಲ್ಲಿದೆ. ಅಗ್ರಹಾರಗಳಲ್ಲಿ ಇದು ನಡೆಯಿತು. ಎಲ್ಲ ಕಡೆ ಅಲ್ಲ. ಶ್ರೀವೈಷ್ಣವರಲ್ಲೇ ವಡಗಲೆಯವರು ವಿಧವೆಯರ ತಲೆ ಬೋಳಿಸುತ್ತಿದ್ದರು, ತೆಂಗಲೆಯವರು ಬೋಳಿಸುತ್ತಿರಲಿಲ್ಲ. ಎರಡ

ು ಪಂಗಡಗಳ ನಡುವಣ ಭೇದಗಳ ಪಟ್ಟಿಯಲ್ಲಿ ಇದೂ ಒಂದು. ಒಕ್ಕಲು ಮಕ್ಕಳ ಊರುಗಳಲ್ಲಿ ಈ ಪದ್ಧತಿ ಬೇರೂರಲಿಲ್ಲ. ಗಂಡ ಸತ್ತವಳು ಹೊಲದ ಕೆಲಸಕ್ಕೆ ಇಳಿಯಲೇಬೇಕಿತ್ತು. ಪದ್ಧತಿ ಬಾರದ ಕಡೆಗೂ ಪದ ಬಂತು. ಹತ್ತಾರು ತಲೆಮಾರು ಉರುಳಿ ಅದರ ಮೊನೆ ಸವೆದು ಕೊನೆಗೆ ಮುದ್ದಿನ ಮಾತಾಯಿತು. ಆದರೆ ಮೊನೆ ಎಲ್ಲರಿಗೂ ಒಂದೇ ಸಮ ಸವೆಯುವುದಿಲ್ಲ. ಮಲೆನಾಡಿನ ಬಾಲವಿಧವೆಯೊಬ್ಬಳ ಬದುಕನ್ನು ಎಂ.ಕೆ. ಇಂದಿರಾ 1976ರಲ್ಲಿ ‘ಫಣಿಯಮ್ಮ’ ಕಾದಂಬರಿಯಾಗಿ ಬರೆದರು. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರವಾಗಿಸಿದರು. ಅದನ್ನು ಓದಿದವರಿಗೆ, ನೋಡಿದವರಿಗೆ ಮುಂಡೆ ಎಂಬ ಎರಡಕ್ಷರದ ತೂಕ ಗೊತ್ತಾಗುತ್ತದೆ. ಇವತ್ತಿಗೂ ಶುಭಕಾರ್ಯದ ಮನೆಯಲ್ಲಿ ಗೋಡೆ ಪಕ್ಕ ಸರಿದು ನಿಲ್ಲುವ ಹೆಂಗಸಿನ ಎದುರು ಮಕ್ಕಳನ್ನು ಹಾಗೆ ಕರೆದಾಗ ಅವಳಿಗೆ ಅದು ಮುದ್ದಾಗಿ ಕೇಳಿಸುತ್ತದೆಯೇ ಎಂದು ಯಾರೂ ಯೋಚಿಸಿದಂತಿಲ್ಲ. ‘ಚಂಡಾಲ’ ಎಂಬುದಂತೂ ಸವೆದೇ ಇಲ್ಲ. ಧರ್ಮಶಾಸ್ತ್ರಗಳಿಂದ ಇಳಿದುಬಂದ ಈ ಪದವನ್ನು ಸೌಮ್ಯವಾದ ಬೈಗುಳಗಳ ಸಾಲಿಗೆ ಸೇರಿಸುವವರು ಯಾರ ಕಿವಿಯಿಂದ ಕೇಳುತ್ತಿದ್ದೇವೆಂದು ಒಮ್ಮೆ ಕೇಳಿಕೊಳ್ಳಬೇಕು.

ಸಂನ್ಯಾಸಿಗಳ ವಿಷಯಕ್ಕೆ ಬಂದರೆ, ಎದುರು ಪಂಥದವರ ವೇಷವೇ ಬೈಗುಳವಾದ ಉದಾಹರಣೆಗಳು ಇನ್ನೂ ಇವೆ. ‘ಲುಚ್ಚ’ ಎಂಬುದನ್ನು ‘ಲುಂಚಿತ’ದಿಂದ, ಅಂದರೆ ಕೂದಲು ಕಿತ್ತುಕೊಂಡವನು ಎಂಬುದರಿಂದ ಬಿಡಿಸುವ ಭಾಷಾವಿದರಿದ್ದಾರೆ. ಜೈನ ಮುನಿಗಳು ಕ್ಷೌರಿಕನ ಕತ್ತಿ ಮುಟ್ಟದೆ ತಲೆಗೂದಲನ್ನು ಕೈಯಿಂದಲೇ ಕೀಳುವ ಕೇಶಲೋಚ ವ್ರತ ಎಲ್ಲರಿಗೂ ತಿಳಿದದ್ದು. ಹಿಂದಿಯ ‘ನಂಗಾ ಲುಚ್ಚಾ’ ಎಂಬ ಜೋಡಿ ಮಾತು ಬೆತ್ತಲೆ ಮುನಿಯ ವರ್ಣನೆಯೇ ಎಂಬುದು ಅವರ ವಾದ. ಇದು ನಿಜವಾದರೆ, ಗಂಗರ ಕಾಲದ ಜೈನ ಅವಶೇಷಗಳಿರುವ ಮದ್ದೂರು ತಾಲ್ಲೂಕಿನ ಆರೆತಿಪ್ಪೂರಿನ ಬೆಟ್ಟದ ಮೇಲೆ ಕಠಿಣ ತಪಸ್ಸಿನ ಗುರುತಾಗಿದ್ದದ್ದು ಬೆಟ್ಟದ ಕೆಳಗೆ ಪೋಕರಿಯ ಬಿರುದಾಯಿತು. ‘ದೇವಾನಾಂಪ್ರಿಯ’ದ ಗತಿಯೂ ಇದೇ. ಸಾಮ್ರಾಟ ಅಶೋಕ ಹೆಮ್ಮೆಯಿಂದ ಹೇಳಿಕೊಂಡ ಬಿರುದು ಅದು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕಿದ ಶಾಸನದಲ್ಲಿ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೂ ಇದ್ದದ್ದರಿಂದಲೇ ದೇವಾನಾಂಪ್ರಿಯ ಯಾರೆಂಬ ಗೊಂದಲ ಬಗೆಹರಿಯಿತು. ಮುಂದೆ ಸಂಸ್ಕೃತ ವೈಯಾಕರಣರು ಆ ಪದಕ್ಕೆ ಕೊಟ್ಟ ಅರ್ಥ ‘ಮೂರ್ಖ’. 17ನೆಯ ಶತಮಾನದ ಭಟ್ಟೋಜಿ ದೀಕ್ಷಿತರ ‘ಸಿದ್ಧಾಂತಕೌಮುದಿ’ಯಲ್ಲಿ ಅದು ಹಾಗೆಯೇ ಇದೆ.

‘ಹರಾಮಿ’, ‘ಹರಾಮ್‌ಖೋರ’ಗಳು ಅರಬ್ಬಿ, ಪಾರ್ಸಿಗಳಿಂದ ಬಂದವು. ಶ್ರೀರಂಗಪಟ್ಟಣ ಹೈದರ್, ಟಿಪ್ಪುಗಳ ರಾಜಧಾನಿಯಾಗಿದ್ದ ಕಾಲದಲ್ಲಿ ದಂಡಿನ ಮಾತು, ಕಚೇರಿಯ ಮಾತು ಎರಡರ ಮೂಲಕವೂ ಪಾರ್ಸಿ, ಉರ್ದು ಪದಗಳು ಈ ಹಳ್ಳಿಗಳಿಗೆ ಹರಿದವು. 1799ರ ಮಾರ್ಚ್ 27ರಂದು ಟಿಪ್ಪುವಿನ ಸೈನ್ಯ ಇಂಗ್ಲಿಷರಿಗೆ ಎದುರಾದದ್ದು ಮಳವಳ್ಳಿಯ ಬಯಲಿನಲ್ಲೇ. ಹರಾಮ್ ಎಂದರೆ ಧರ್ಮ ನಿಷೇಧಿಸಿದ್ದು. ಅದರ ಬೇರಿನಿಂದಲೇ ಬಂದ ‘ಹರಂ’ ಎಂದರೆ ಮೆಕ್ಕಾದ ಪವಿತ್ರ ಆವರಣ. ಮುಟ್ಟಬಾರದು ಎಂಬುದೇ ಎರಡರ ಮೂಲಾರ್ಥ, ಒಂದನ್ನು ಗೌರವಕ್ಕೆ, ಇನ್ನೊಂದನ್ನು ಹೇಸಿಗೆಗೆ. ಕನ್ನಡದಲ್ಲಿ ಇಂಥದೇ ಜೋಡಿ ದೇವ ಮತ್ತು ದೆವ್ವ. ಎರಡೂ ಒಂದೇ ಮೂಲದವು. ಗುಡಿಯೊಳಗೆ ಉಳಿದದ್ದು ದೇವ, ಹುಣಸೆಮರಕ್ಕೆ ಹೋದದ್ದು ದೆವ್ವ.

ಇನ್ನು ಹೆಂಗಸರ ಶಾಪಗಳು. ‘ನಿನ್ ಮನೆ ಹಾಳಾಗ’, ‘ನಿನ್ನ ಮಾರಿ ಹೊತ್ಕೊಂಡೋಗ’, ‘ನಿನಗ್ ದೊಡ್ಡರೋಗ ಬರಾ’, ‘ನಿನ್ ಬಾಯಿಗೆ ಮಣ್ಣಾಕ’ ಎಂದು ಬೀದಿಯಲ್ಲಿ ನಿಂತು, ಮಣ್ಣು ತೂರಿ, ನೆಟಿಕೆ ಮುರಿದು ಹಾಕುವ ಈ ಶಾಪಗಳಲ್ಲಿ ಒಂದೊಂದೂ ಒಂದೊಂದು ಸಂಸ್ಕಾರದ ತುಣುಕು. ಬಾಯಿಗೆ ಮಣ್ಣು, ಅಕ್ಕಿಕಾಳು ಎಂಬವು ಹೂಳುವ ಮುಂಚಿನ ಶಾಸ್ತ್ರಗಳು. ಹಾಲುತುಪ್ಪ, ಎಳ್ಳುನೀರು ಎಂಬವು ಆಮೇಲಿನವು. ಮಾರಿ ಹೊತ್ತುಕೊಂಡು ಹೋಗುವುದು ಬರಿಯ ಅಲಂಕಾರವಾಗಿರಲಿಲ್ಲ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗು, ಮತ್ತೆಮತ್ತೆ ಬಂದ ಕಾಲರಾ, ಸಿಡುಬು ಮನೆಗೆ ಮನೆಯನ್ನೇ ಹೊತ್ತೊಯ್ದದ್ದನ್ನು ಕಂಡವರ ಮಾತು ಅದು. ಮಳವಳ್ಳಿಯಲ್ಲಿ ದಂಡಿನ ಮಾರಮ್ಮನಿಗೂ ಪಟ್ಟಲದಮ್ಮನಿಗೂ ಸಿಡಿಹಬ್ಬ ಮಾಡಿ ಆ ತಾಯಿಯನ್ನು ತಣ್ಣಗಿಟ್ಟುಕೊಳ್ಳುವ ಜನ, ಬೇಡದವರ ಮನೆಗೆ ಅವಳನ್ನೇ ಕಳಿಸುವ ಬೆದರಿಕೆಯನ್ನೂ ಹಾಕುತ್ತಿದ್ದರು. ಸಿಡುಬು 1980ರಲ್ಲಿ ಲೋಕದಿಂದಲೇ ನಿರ್ನಾಮವಾಯಿತೆಂದು ಘೋಷಣೆಯಾಯಿತು. ಶಾಪ ಉಳಿದಿದೆ. ‘ಎಕ್ಕುಟ್ಟೋಗು’ ಎಂಬ ಮಂಡ್ಯದ ಮಾತನ್ನು ‘ಎಕ್ಕ ಹುಟ್ಟಿ ಹೋಗು’ ಎಂದು ಬಿಡಿಸುತ್ತಾರೆ. ಪಾಳುಬಿದ್ದ ನಿವೇಶನದಲ್ಲಿ ಮೊದಲು ಏಳುವ ಗಿಡ ಎಕ್ಕ. ಅದೇ ಎಕ್ಕ ಸೂರ್ಯನಿಗೆ ಪ್ರಿಯವಾದ ಅರ್ಕ; ಬಿಳಿ ಎಕ್ಕದ ಬೇರು ಗಣಪತಿಯೆಂದು ಪೂಜೆಗೊಳ್ಳುತ್ತದೆ.

ಶಾಪ ಹಾಕುವುದನ್ನು ಹೆಂಗಸರ ಬಾಯಿಬಡುಕತನ ಎಂದು ಗಂಡಸರು ನಗುವುದುಂಟು. ಆದರೆ ಕಲ್ಲಿನ ಮೇಲೆ ಶಾಪ ಕೆತ್ತಿಸಿದವರು ರಾಜರು, ಸಾಮಂತರು. ದಾನಶಾಸನಗಳ ಕೊನೆಗೆ ಶಾಪವಿಲ್ಲದಿರುವುದು ಅಪರೂಪ. ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪ. ಅವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಪೊಲೀಸರಿಲ್ಲದ ಕಾಲದಲ್ಲಿ ದಾನದ ಭೂಮಿಗೆ ಕಾವಲು ಈ ಮಾತೇ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿನಲ್ಲಿ ಇದಕ್ಕಿಂತ ಸೊಗಸಾದ ಶಾಪವಿದೆ. ಕ್ರಿ.ಶ. 949-50ರ ಆ ಶಾಸನ ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗರ ಬೂತುಗ ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ್ದನ್ನು ಹೇಳುತ್ತದೆ. ಆದರೆ ಕಲ್ಲು ನಿಂತದ್ದು ಒಂದು ನಾಯಿಗಾಗಿ. ಬೂತುಗನ ಬಂಟ ಮಣಲೆರ ತನ್ನ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ರಾಜನಿಂದ ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಅದು ಕೆಲಲೆಯ ಬಳಿ ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲು ನೆಟ್ಟು, ಪೂಜೆಗೆಂದು ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಗೊರವ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಬರಲಿ ಎಂದು ಶಾಸನ ಹೇಳುತ್ತದೆ. ಗೊರವನೆಂದರೆ ಶೈವ ಅರ್ಚಕ. ಅಷ್ಟು ಪ್ರೀತಿಯ ನಾಯಿಗೆ ಗುಡಿಯೆದುರು ಕಲ್ಲು ನಿಲ್ಲಿಸಿದವರಿಗೂ ಶಾಪ ಹಾಕುವಾಗ ಅದು ನಾಯಿಯೇ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಬೇಸಗರಹಳ್ಳಿ ರಾಮಣ್ಣನವರ ಕಥೆಗಳಲ್ಲಿ ಈ ಸೀಮೆಯ ಮಾತು ಅಚ್ಚಿಗೆ ಬಂತು. ಅದು ಹೊರಲೋಕದ ಕಿವಿಗೂ ಬಿದ್ದದ್ದು 2015ರ ‘ತಿಥಿ’ ಚಿತ್ರದಿಂದ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ವೃತ್ತಿನಟರಲ್ಲದ ಹಳ್ಳಿಗರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ ತೆಗೆದ ಈ ಚಿತ್ರ ಶುರುವಾಗುವುದೇ ನೂರೊಂದು ವರ್ಷದ ಸೆಂಚುರಿ ಗೌಡ ಬೀದಿಯಲ್ಲಿ ಕೂತು ಹೋಗಿ ಬರುವವರನ್ನೆಲ್ಲ ಬೈಯುವುದರಿಂದ. ಬೈದು ಮುಗಿಸಿ ಎದ್ದ ಮುದುಕ ದಾರಿಯಲ್ಲೇ ಸಾಯುತ್ತಾನೆ. ಮುಂದಿನದೆಲ್ಲ ಅವನ ಹನ್ನೊಂದನೆಯ ದಿನದ ತಿಥಿ. ‘ನಿನ್ ತಿಥಿ ಮಾಡ’ ಎಂಬುದು ಈ ಊರುಗಳಲ್ಲಿ ದಿನನಿತ್ಯದ ಮಾತು. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಚಿತ್ರಕ್ಕೆ ಪ್ರಶಸ್ತಿ ಬಂದಾಗ ಆ ಬೈಗುಳಗಳನ್ನು ಅಡಿಬರಹದಲ್ಲಿ ಓದಿದವರಿಗೆ ಎಷ್ಟು ದಕ್ಕಿತೋ!

ಮನುಷ್ಯರನ್ನು ದೇವರ ಹೆಸರಿನಲ್ಲಿ ಬೈಯುವುದು ಒಂದಾದರೆ, ದೇವರನ್ನೇ ಬೈಯುವುದು ಇನ್ನೊಂದು. ನಮ್ಮಲ್ಲಿ ಅದಕ್ಕೂ ಶಾಸ್ತ್ರವುಂಟು, ನಿಂದಾಸ್ತುತಿ ಎಂಬ ಗೌರವದ ಹೆಸರುಂಟು. ಹರಿದಾಸರು ವಿಷ್ಣುವನ್ನು ಕಳ್ಳ, ಜಿಪುಣ ಎಂದು ಹಂಗಿಸಿ ಹಾಡಿದ್ದಾರೆ. ಕೊಡಗಿನ ದೇವರಪುರದಲ್ಲಿ ವರ್ಷಕ್ಕೊಮ್ಮೆ ನಡೆಯುವ ಕುಂಡೆ ಹಬ್ಬದಲ್ಲಿ ಕಾಡಿನ ಜನ ವೇಷ ಹಾಕಿ, ಡಬ್ಬ ಬಡಿಯುತ್ತ, ದೇವರನ್ನೂ ದಾರಿಹೋಕರನ್ನೂ ಬಾಯಿಗೆ ಬಂದಂತೆ ಬೈದು, ಸಂಜೆ ದೇವರಿಗೆ ತಪ್ಪುಕಾಣಿಕೆ ಸಲ್ಲಿಸಿ ಮನೆಗೆ ಹೋಗುತ್ತಾರೆ.

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆಯಿದೆ. ಧರೆಗೆ ದೊಡ್ಡವರು ಎಂದು ಭಕ್ತರು ಕರೆಯುವ ಈ ಗುರುವಿನ ಕಾವ್ಯವನ್ನು ನೀಲಗಾರರು ತಂಬೂರಿ, ಗಗ್ಗರ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಕಲ್ಯಾಣದ ಸಾಲಿನಲ್ಲಿ ಮಂಟೇಸ್ವಾಮಿ ಕೊಳೆತು ನಾರುವ ರೋಗಿಯ ವೇಷದಲ್ಲಿ ಬಸವಣ್ಣನವರ ಮಹಾಮನೆಯ ಬಾಗಿಲಿಗೆ ಬರುತ್ತಾರೆ. ಒಳಗೆ ಪಂಕ್ತಿಯಲ್ಲಿ ಕೂತ ಜಂಗಮರು ಮೂಗು ಮುಚ್ಚಿಕೊಂಡು ಬೈಯುತ್ತಾರೆ. ಗುರುವೂ ಬಿಡದೆ ತಿರುಗಿ ಬೈಯುತ್ತಾರೆ. ನೀಲಗಾರರು ಈ ಭಾಗವನ್ನು ಅವಸರ ಮಾಡಿ ಮುಗಿಸುವುದಿಲ್ಲ. ಜಂಗಮರ ಬಾಯಿಂದ ಬರುವ ಬೈಗುಳಗಳೆಲ್ಲ ಕೇಳುವವರ ಊರಿನವೇ, ಅವರ ದಿನದ ಬಾಯಿಯವೇ. ಹಿಮ್ಮೇಳದವರು ಒಂದೊಂದು ಬೈಗುಳಕ್ಕೂ ಸೊಲ್ಲು ಕೊಡುತ್ತಾರೆ; ಕಂಬಳಿ ಹೊದ್ದು ಕೂತ ಮುದುಕಿಯರು ಕೈ ಮುಗಿದುಕೊಂಡೇ ನಗುತ್ತಾರೆ.